ಹಿತ್ತಲ ಕಡೆಯಿಂದ ಕಂಡ ಊರು

ನಮ್ಮ ಮಾವ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಇಂಜಿನ್ ಡ್ರೈವರಿಗೆ ಮುಂದೆ ಬರುವುದೆಲ್ಲ ಕಾಣುತ್ತದೆ, ಗಾರ್ಡಿಗೆ ಬಿಟ್ಟು ಬಂದದ್ದೆಲ್ಲ ಕಾಣುತ್ತದೆ ಎಂದು ಅವರೇ ಹೇಳುತ್ತಿದ್ದರು. ಕಟ್ಟಕಡೆಯ ಡಬ್ಬಿಯ ಕಂಬಿ ಹಿಡಿದು ನಿಂತು, ಕಲ್ಲಿದ್ದಲು, ಸಿಮೆಂಟು, ಗೋಧಿ, ಒಮ್ಮೊಮ್ಮೆ ಬರೀ ಖಾಲಿ ಡಬ್ಬಿಗಳ ಬಾಲ ಕಾಯುತ್ತ ಅವರು ಸರ್ವೀಸು ಮುಗಿಸಿದರು. ಕೊನೆಯ ದಿನ ಜೊತೆಯವರು ಕೊಟ್ಟ ಗೋಡೆ ಗಡಿಯಾರವನ್ನು ತಂದು ಮೇಜಿನ ಮೇಲಿಟ್ಟು, ಶೂ ಬಿಚ್ಚುವ ಮೊದಲೇ ಹೇಳಿದರು:

"ನಾನು ಪೇಂಟಿಂಗ್ ಕಲೀಬೇಕು ಅಂತಿದ್ದೀನಿ."

ಅತ್ತೆ ಅಡುಗೆಮನೆಯಿಂದಲೇ, "ಒಳ್ಳೇದಾಯ್ತು ಬಿಡಿ. ಹಿಂದಿನ ಗೋಡೆ ಸುಣ್ಣ ಉದುರ್ತಾ ಇದೆ, ಅಲ್ಲಿಂದಲೇ ಶುರು ಮಾಡಿ" ಅಂದರು.

"ಗೋಡೆಗಲ್ಲ ಕಣೆ. ಚಿತ್ರ. ಎಣ್ಣೆಬಣ್ಣದ ಚಿತ್ರ. ಒಂದು ಊರಿದೆ, ಅದನ್ನ ಬರೀಬೇಕು."

ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನನ್ನ ಮುಖ ನೋಡಿದರು. ನಾನು ನನ್ನ ಗಂಡನ ಮುಖ ನೋಡಿದೆ. ಅವರು ಪೇಪರಿನಲ್ಲಿ ಮುಖ ಹುದುಗಿಸಿಕೊಂಡರು. ಅಪ್ಪ ಅಮ್ಮನ ನಡುವೆ ಮಾತು ಬೆಳೆಯುವ ಸೂಚನೆ ಸಿಕ್ಕಿದರೆ ಅವರಿಗೆ ಪೇಪರ್ ಬಲು ಇಷ್ಟವಾಗುತ್ತದೆ.

ಆ ಊರಿನ ವಿಷಯ ನಮಗೆ ಗೊತ್ತಾದದ್ದು ಅವತ್ತೇ. ಹಳಿ ಒಂದು ಗುಡ್ಡವನ್ನು ಬಳಸಿ ತಿರುಗುವ ಜಾಗದಲ್ಲಿ, ಇಳಿಜಾರಿನ ಮೇಲೆ ಬೆರಳೆಣಿಕೆಯ ಮನೆಗಳು, ಒಂದು ದೊಡ್ಡ ಅತ್ತಿಮರ, ಕಲ್ಲಿನ ಗೋಡೆಗಳ ನಡುವೆ ಮೇಲೇರುವ ಒಂದು ಓಣಿ. ಸ್ಟೇಷನ್ ಇಲ್ಲ. ತಿರುವು ಬಂದಾಗ ಗಾಡಿ ನಿಧಾನ ಮಾಡಲೇಬೇಕು; ಮುಂದಿನ ಸಿಗ್ನಲ್ ಸಿಗದಿದ್ದರೆ ಅಲ್ಲೇ ನಿಂತು ಕಾಯಬೇಕು. ಹಾಗೆ ಕಾಯುತ್ತ ಕಾಯುತ್ತ ನಮ್ಮ ಮಾವನಿಗೆ ಆ ಊರಿನ ಮೇಲೆ ಮೋಹ ಹುಟ್ಟಿಬಿಟ್ಟಿತ್ತು. ಒಂದು ಸಲವೂ ಅಲ್ಲಿ ಕಾಲಿಟ್ಟವರಲ್ಲ. ಡ್ಯೂಟಿ ಮೇಲಿರುವ ಗಾರ್ಡ್ ಗಾಡಿ ಬಿಟ್ಟು ಊರು ನೋಡಲು ಹೋಗುವಂತಿಲ್ಲವಲ್ಲ.

"ಬೆಳಿಗ್ಗೆ ಒಂಥರಾ, ಸಾಯಂಕಾಲ ಒಂಥರಾ ಇರುತ್ತೆ" ಅಂದರು. "ಒಂದು ದಿನ ಕಂಡ ಹಾಗೆ ಇನ್ನೊಂದು ದಿನ ಕಾಣಲ್ಲ. ನೋಡ್ತಾ ಇದ್ದಂಗೇ ಗಾಡಿ ಹೊರಟುಬಿಡುತ್ತೆ. ಒಂದು ಸಲನಾದ್ರೂ ಅದನ್ನ ಹಿಡಿದು ನಿಲ್ಲಿಸಬೇಕು ಅಂತ ಆಸೆ."

ಯಾವತ್ತೂ ಅಷ್ಟು ಮಾತಾಡುವವರಲ್ಲ ಅವರು. ಅತ್ತೆ ಸೌಟು ಒಳಗಿಟ್ಟು ಬಂದು, "ಆಸೆ ಇದ್ರೆ ಕಲೀರಿ. ಆದರೆ ನನ್ನ ಅಡುಗೆಮನೆಗೆ ಬಣ್ಣ ಬರಕೂಡದು" ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಅಲ್ಲಿಗೆ ಒಪ್ಪಿಗೆ ಸಿಕ್ಕಿತು.

ಪೇಟೆ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮಹಡಿ ಮೇಲೆ ಒಂದು ಚಿತ್ರದ ತರಗತಿ ನಡೆಯುತ್ತಿತ್ತು. ಕಬ್ಬಿಣದ ಸುತ್ತು ಮೆಟ್ಟಿಲು, ಮೇಲೆ ಉತ್ತರಕ್ಕೆ ದೊಡ್ಡ ಕಿಟಕಿ ಇರುವ ಒಂದೇ ಉದ್ದದ ಕೋಣೆ, ನೆಲದ ತುಂಬ ಯಾವ ಕಾಲದಲ್ಲೋ ಬಿದ್ದ ಬಣ್ಣದ ಹನಿಗಳು. ಕಲಿಸುವವಳು ನನ್ನ ವಾರಗೆಯ ಹೆಂಗಸು. ಮಾತು ಕಡಿಮೆ, ಆಡಿದ ಮಾತೂ ಚೂಪು. ಮಾವ ಅವಳ ತಂದೆಯ ವಯಸ್ಸಿನವರಾದರೂ ಮೊದಲ ದಿನವೇ ನೆಟ್ಟಗೆ ನಿಂತು, ಮೇಲಧಿಕಾರಿಗೆ ಹೇಳುವ ಹಾಗೆ, "ಟೀಚರ್, ನಾನೊಂದು ಊರು ಬರೀಬೇಕು" ಅಂದರಂತೆ.

ಟೀಚರ್ ಅವರ ಮುಂದೆ ಒಂದು ಇಟ್ಟಿಗೆ ತಂದಿಟ್ಟಳು.

"ಇದನ್ನ ಬರೀರಿ ಸರ್."

"ನಾನು ಊರು ಅಂದೆ, ಟೀಚರ್. ಇಟ್ಟಿಗೆ ಅನ್ನಲಿಲ್ಲ."

"ಊರನ್ನ ಯಾತರಲ್ಲಿ ಕಟ್ಟಿರ್ತಾರೆ, ಸರ್?"

ಮಾವ ಕೂತು ಇಟ್ಟಿಗೆ ಬರೆದರು. ಆ ವಾರ ಬರೆದರು, ಮುಂದಿನ ವಾರವೂ ಬರೆದರು. ಮನೆಯಲ್ಲಿ ಅಭ್ಯಾಸಕ್ಕೆಂದು ಎಲ್ಲಿಂದಲೋ ಒಂದು ಇಟ್ಟಿಗೆ ತಂದು ಊಟದ ಮೇಜಿನ ಮೇಲಿಟ್ಟರು. ಅತ್ತೆ ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ, "ಊಟದ ಮೇಜಿನ ಮೇಲೆ ಇಟ್ಟಿಗೆ ಇಟ್ಕೊಂಡು ಮೂರು ಹೊತ್ತೂ ಅದನ್ನೇ ನೋಡೋ ಗಂಡನ್ನ ಯಾರಾದ್ರೂ ಕಂಡಿದ್ದೀರಾ? ನನ್ನನ್ನ ಮದುವೆ ಆದಾಗಲೂ ಇಷ್ಟು ನೋಡಿರಲಿಲ್ಲ ಇವರು!" ಅನ್ನುತ್ತಿದ್ದರು.

ಒಂದು ದಿನ ನಾನು ಕೆಲಸ ಮುಗಿಸಿ ಬಂದಾಗ ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಮುಖ ಅರಳಿತ್ತು. "ಬಾಮ್ಮ ಬಾ, ಒಂದು ಚೋದ್ಯ ತೋರಿಸ್ತೀನಿ. ಇಟ್ಟಿಗೆ ಕೆಂಪಗಿಲ್ಲ!"

ನಾನು ನೋಡಿದೆ. ಇಟ್ಟಿಗೆ ಕೆಂಪಗೇ ಇತ್ತು.

"ಕಣ್ಣು ಅರ್ಧ ಮುಚ್ಚು. ಹಾಂ. ಕಿಟಕಿ ಕಡೆ ಇರೋ ಮೈ ನೋಡು, ಹೆಚ್ಚುಕಡಿಮೆ ಹಳದಿ. ಈಚೆ ಕಡೆ ನೋಡು, ನೇರಳೆ. ಅಡಿಯಲ್ಲಿ ಮೇಜಿನ ಬಣ್ಣವೇ ಅದರ ಮೈಗೆ ಹತ್ತಿದೆ. ಕೆಂಪು ಅನ್ನೋದು ಅಗೋ ಅಲ್ಲಿ, ಅಂಚಿನಲ್ಲಿ ಅಷ್ಟೇ."

ಕಣ್ಣು ಕಿರಿದು ಮಾಡಿ ನಿಂತೆ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಸಟ್ಟನೆ ಕಂಡಿತು. ಕಂಡಮೇಲೆ ಎಷ್ಟು ಪ್ರಯತ್ನಿಸಿದರೂ ಅದನ್ನು ಬರೀ ಕೆಂಪು ಇಟ್ಟಿಗೆಯಾಗಿ ನೋಡಲು ಆಗಲಿಲ್ಲ. ನಾನು ಹೊಲಿಗೆ ಕೆಲಸದವಳು, ಬಣ್ಣ ನನಗೆ ಗೊತ್ತು ಅಂದುಕೊಂಡಿದ್ದವಳು. ಅವತ್ತಿನಿಂದ ಮಾವ ನನ್ನ ದಾರದ ಉಂಡೆಗಳ ಪೆಟ್ಟಿಗೆ ಎರವಲು ಕೇಳತೊಡಗಿದರು. ಬೂದು, ಮಣ್ಣು, ಎಲೆಹಸಿರು ದಾರಗಳನ್ನು ಗೋಡೆಯ ನೆರಳಿಗೆ ಹಿಡಿದು, ಯಾವುದು ಕೂಡುತ್ತದೆ ಎಂದು ನೋಡುವುದು. ಕೂಡಿದ ದಾರವನ್ನು ಜೇಬಿಗೆ ಹಾಕಿಕೊಂಡು ಹೋಗಿ, ಹಲಗೆಯ ಮೇಲೆ ಅದೇ ಬಣ್ಣ ಬರುವ ತನಕ ಕಲಸುವುದು. ನನಗೆ ಬೇಕಾದಾಗ ಬೇಕಾದ ದಾರ ಸಿಗುತ್ತಿರಲಿಲ್ಲ. ಗಿರಾಕಿಯೊಬ್ಬರ ಕೋಟಿನ ಗುಂಡಿ ಹಾಕುವ ದಾರಕ್ಕೆ ಮಾವನ ಅಂಗಿಯ ಜೇಬು ತಡಕಾಡಿದ್ದೂ ಉಂಟು.

ಎಣ್ಣೆಬಣ್ಣದ ಪಾಠ ನಿಧಾನದ್ದು. ಮೊದಲ ಪದರಕ್ಕೆ ಟರ್ಪೆಂಟೈನ್ ಹಾಕಿ ತೆಳ್ಳಗೆ ಹಚ್ಚಬೇಕು, ಮೇಲಿನ ಪದರಗಳಿಗೆ ಅಗಸೆ ಎಣ್ಣೆ ಸೇರಿಸುತ್ತ ದಪ್ಪ ಮಾಡುತ್ತ ಹೋಗಬೇಕು. ಅಡಿಯದು ಒಣಗುವ ಮೊದಲು ಮೇಲಿನದು ಒಣಗಿದರೆ ಚಿತ್ರ ಬಿರುಕು ಬಿಡುತ್ತದೆ. ಒಂದು ಪದರ ಒಣಗಲು ದಿನಗಟ್ಟಲೆ ಕಾಯಬೇಕು. ಕಾಯುವ ವಿಷಯದಲ್ಲಿ ಮಾತ್ರ ಟೀಚರಿಗೆ ಮಾವನ ಮೇಲೆ ದೂರಿರಲಿಲ್ಲ. ಉಳಿದ ಕಲಿಯುವವರು ಒದ್ದೆ ಬಣ್ಣಕ್ಕೆ ಬೆರಳು ತಾಗಿಸಿ ತಾಗಿಸಿ ಹಾಳು ಮಾಡುತ್ತಿದ್ದರೆ, ಇವರು ಸಿಗ್ನಲ್ಲಿಗೆ ಕಾಯುವವರ ಹಾಗೆ ಕೈ ಹಿಂದೆ ಕಟ್ಟಿ ಕೂತಿರುತ್ತಿದ್ದರು.

ಇಟ್ಟಿಗೆಯಾಯಿತು, ಹೂಜಿಯಾಯಿತು, ಕಿಟಕಿಯಿಂದ ಕಾಣುವ ಎದುರು ಮನೆಯ ಮಾಳಿಗೆಯಾಯಿತು. ಕೊನೆಗೊಂದು ದಿನ ಟೀಚರ್, "ಈಗ ನಿಮ್ಮ ಊರು ಬರೀರಿ ಸರ್" ಅಂದಳು.

ಮಾವ ಆ ಚಿತ್ರವನ್ನು ಮನೆಯಲ್ಲೇ ಬರೆದರು, ನೆನಪಿನಿಂದ. ಹಜಾರದಲ್ಲಿ ಹಳೇ ಬಟ್ಟೆ ಹಾಸಿ, ಸ್ಟ್ಯಾಂಡ್ ನಿಲ್ಲಿಸಿ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮುಗಿದ ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮುಸುಕು ತೆಗೆದರು. ಕೆಂಪು ಹೆಂಚಿನ ಮನೆಗಳು, ಹಸಿರು ಮರ, ನೀಲಿ ಆಕಾಶ, ಓಣಿಯಲ್ಲಿ ತಲೆಯ ಮೇಲೆ ಹೊರೆ ಹೊತ್ತ ಒಬ್ಬ ಹೆಂಗಸು. ಪ್ರತಿ ಮನೆಗೂ ಒಂದು ಬಾಗಿಲು, ಅತ್ತ ಇತ್ತ ಎರಡು ಕಿಟಕಿ. ನನ್ನ ಗಂಡ "ಭೇಷ್ ಅಪ್ಪಾ!" ಅಂದರು. ಅತ್ತೆಯಂತೂ ನಿಜವಾಗಿ ಬೆರಗಾದರು. "ಅಯ್ಯೋ, ಅಂಗಡೀಲಿ ಮಾರೋ ಹಾಗೇ ಇದೆಯಲ್ರೀ!"

ಮಾರನೆಯ ದಿನ ಮಾವ ಅದನ್ನು ಬಟ್ಟೆಯಲ್ಲಿ ಸುತ್ತಿ ತರಗತಿಗೆ ಕೊಂಡೊಯ್ದರು. ವಾಪಸ್ ಬಂದಾಗ ಮುಖ ಊದಿತ್ತು. ಚಿತ್ರವನ್ನು ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ತಳ್ಳಿದರು. ಟೀ ಮುಟ್ಟಲಿಲ್ಲ. ಕೊನೆಗೆ ನನ್ನ ಹತ್ತಿರ ಬಾಯಿ ಬಿಟ್ಟರು.

"ಕ್ಯಾಲೆಂಡರ್ ಚಿತ್ರ ಅಂದ್ಲು ಕಣಮ್ಮ."

"ಅಷ್ಟೇನಾ ಹೇಳಿದ್ದು?"

"ಅಷ್ಟೇ ಆಗಿದ್ರೆ ಸಹಿಸ್ಕೋತಿದ್ದೆ. 'ಈ ಮನೆ ಬಾಗಿಲು ನೀವು ನೋಡಿದ್ದೀರಾ ಸರ್?' ಅಂತ ಕೇಳಿದ್ಲು. ನೋಡಿದ್ದೀನಿ ಅನ್ನೋಕೆ ಬಾಯಿ ತೆರೆದೆ. ಮಾತು ಹೊರಡಲಿಲ್ಲ." ಅವರು ತಮ್ಮ ಅಂಗೈ ನೋಡಿಕೊಳ್ಳುತ್ತ ಮುಂದುವರಿಸಿದರು. "ನಾನು ನೋಡೇ ಇಲ್ಲ. ಹಳಿಗೆ ಆ ಊರು ಬೆನ್ನು ಹಾಕಿ ಕೂತಿದೆ. ಎಲ್ಲ ಮನೆಗಳದ್ದೂ ಹಿತ್ತಲು ಈಚೆಗೆ, ಮುಂಬಾಗಿಲು ಆಚೆಗೆ. ಇಷ್ಟು ವರ್ಷ ನಾನು ಕಂಡದ್ದು ಬರೀ ಹಿತ್ತಲು. ಬಾಗಿಲು, ಕಿಟಕಿ, ಆ ಹೆಂಗಸು, ಎಲ್ಲ ನಾನೇ ಕಟ್ಟಿದ್ದು."

"ಹಾಗಾದ್ರೆ ಹೋಗಿ ನೋಡಿ ಬರಬಹುದಲ್ಲ ಮಾವ" ಅಂದೆ. ಸುಮ್ಮನೆ ಬಾಯಿಗೆ ಬಂದದ್ದು. ಅವರು ತಲೆಯೆತ್ತಿ ನನ್ನನ್ನು ನೋಡಿದ ರೀತಿ ನೋಡಿ, ಇವರಿಗೆ ಈ ಯೋಚನೆ ಹೊಳೆದೇ ಇರಲಿಲ್ಲವೇ ಎಂದು ನನಗೆ ಆಶ್ಚರ್ಯವಾಯಿತು. ಗಾಡಿ ನಿಲ್ಲದ ಊರಿಗೆ ಹೋಗುವ ದಾರಿಯೇ ಇಲ್ಲ ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತೇನೋ.

ಬಸ್ಸಿತ್ತು. ಬಸ್ಸಿಳಿದು ಒಂದಷ್ಟು ದೂರ ನಡೆಯಬೇಕಿತ್ತು. "ಒಬ್ಬರನ್ನೇ ಕಳಿಸಬೇಡ, ಬಿಸಿಲಲ್ಲಿ ಎಲ್ಲಾದ್ರೂ ಬಿದ್ದುಗಿದ್ದಾರು" ಎಂದು ಅತ್ತೆ ನನ್ನನ್ನು ಜೊತೆಗೆ ಹಾಕಿದರು. ರಜೆಯ ದಿನ ನಾವಿಬ್ಬರೂ ಹೊರಟೆವು. ಮಾವನ ಹೆಗಲಿಗೆ ಮಡಚಿದ ಸ್ಟ್ಯಾಂಡು, ನನ್ನ ಕೈಯಲ್ಲಿ ಬಣ್ಣದ ಪೆಟ್ಟಿಗೆ. ಊರು ಹತ್ತಿರವಾದಂತೆ ಮಾವನ ನಡಿಗೆ ನಿಧಾನವಾಯಿತು. ತಿರುವಿನಲ್ಲಿ ನಿಂತು ಅಂಗಿ ಸರಿಮಾಡಿಕೊಂಡರು, ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು.

"ಯಾರನ್ನಾದ್ರೂ ನೋಡೋಕೆ ಹೋಗ್ತಿದ್ದೀವಾ ಮಾವ?" ಎಂದು ಚೇಷ್ಟೆ ಮಾಡಿದೆ.

"ಸುಮ್ನಿರಮ್ಮ" ಅಂದರು. ನಾಚಿದ್ದು ಗೊತ್ತಾಯಿತು.

ಊರಿಗೆ ಮುಂಬಾಗಿಲ ಕಡೆಯಿಂದ ಹೋದದ್ದು. ಚೊಕ್ಕ ಊರು. ಗುಡಿಸಿದ ಓಣಿ, ಒಂದೇ ಅಳತೆಯ ಬಾಗಿಲುಗಳು, ಮೆಟ್ಟಿಲ ಮೇಲೆ ಹೂಕುಂಡಗಳು. ಸ್ಟ್ಯಾಂಡ್ ಬಿಚ್ಚುವ ಹೊತ್ತಿಗೆ ಅರ್ಧ ಊರು ಸುತ್ತ ನೆರೆದಿತ್ತು. ಚಿತ್ರ ಬರೆಯಲು ಬಂದಿದ್ದಾರೆ ಎಂದು ತಿಳಿದ ಮೇಲೆ ಸಡಗರವೋ ಸಡಗರ. ಒಬ್ಬರು ಬಾಗಿಲಿಗೆ ನೀರು ಹಾಕಿ ಒರೆಸಿದರು. ಇನ್ನೊಬ್ಬರು ಹೊಸ ಪರದೆ ಕಟ್ಟಿದರು. ಗಾರೆ ಕೆಲಸದವನೊಬ್ಬ ಮಾವನ ಬೆನ್ನ ಹಿಂದೆಯೇ ನಿಂತು, "ಸ್ವಾಮಿ, ಆ ಗೋಡೆ ಎಡಕ್ಕೆ ವಾಲ್ತಾ ಇದೆ. ಅದನ್ನ ಕಟ್ಟಿದವನು ನಾನು, ಅದು ನೆಟ್ಟಗಿದೆ" ಎಂದು ಆಕ್ಷೇಪ ಎತ್ತಿದ. ಮಾವ ಕುಂಚವನ್ನು ನೆಟ್ಟಗೆ ಹಿಡಿದು ಒಂದು ಕಣ್ಣು ಮುಚ್ಚಿ ಅಳತೆ ಮಾಡಿ, "ನಿಜಾನಪ್ಪ, ತಪ್ಪು ನಂದೇ" ಎಂದು ತಿದ್ದಿದರು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಆಮೇಲೆ ಅಲ್ಲಾಡದೆ ಅಲ್ಲೇ ಕಾವಲು ನಿಂತ.

ಮುಂದೆ ಮಾವ ಒಬ್ಬರೇ ಹೋಗಿಬರತೊಡಗಿದರು. ನನಗೆ ರಜೆ ಇದ್ದಾಗ ಜೊತೆಗೆ ಹೋಗುತ್ತಿದ್ದೆ. ಮುಂಭಾಗದ ಓಣಿಯನ್ನು ಸಣ್ಣ ಸಣ್ಣ ಹಲಗೆಗಳ ಮೇಲೆ ಬರೆದರು. ಮನೆಗಳು ನೆಟ್ಟಗಿದ್ದವು, ಬಾಗಿಲುಗಳು ಬಾಗಿಲಿನ ಹಾಗೇ ಇದ್ದವು. ಟೀಚರ್ ನೋಡಿ, "ಸರಿಯಾಗಿದೆ" ಅಂದಳಂತೆ. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಆದರೆ ಮಾವನಿಗೆ ಸಮಾಧಾನವಿರಲಿಲ್ಲ. ಊಟ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿ ಎಲ್ಲೋ ನೋಡುತ್ತಿದ್ದರು.

"ಅದು ನನ್ನ ಊರಲ್ಲ" ಅಂದರು ಒಂದು ದಿನ. "ಊರು ಅದೇ. ಆದರೆ ಅತಿಥಿ ಬಂದಾಗ ತೊಡೋ ಬಟ್ಟೆ ತೊಟ್ಟು ಕೂತಿದೆ. ನಾನು ಅದನ್ನ ಮನೆ ಉಡುಪಿನಲ್ಲಿ ನೋಡಿದವನು."

ಮುಂದಿನ ರಜೆಯ ದಿನ ನಾನೂ ಜೊತೆಗಿದ್ದೆ. ಮಾವ ಓಣಿಯಲ್ಲಿ ನಿಲ್ಲದೆ ಊರನ್ನು ಬಳಸಿಕೊಂಡು ಇಳಿಜಾರಿನಲ್ಲಿ ಕೆಳಗಿಳಿದು, ಹಳಿಯ ಬೇಲಿಯ ಈಚೆ ಸ್ಟ್ಯಾಂಡ್ ನಿಲ್ಲಿಸಿದರು. ತಿರುಗಿ ನೋಡಿದೆ. ಅಲ್ಲಿಂದ ಕಂಡ ಊರೇ ಬೇರೆ. ಸುಣ್ಣ ಕಾಣದ ಕಲ್ಲುಗೋಡೆಗಳು, ಗೋಡೆಗೆ ಒತ್ತಿ ಜೋಡಿಸಿದ ಸೌದೆ, ಬಟ್ಟೆ ಒಗೆಯುವ ಕಲ್ಲು, ಮುರಿದ ಕುರ್ಚಿ, ಕೋಳಿಗೂಡು, ಹಿತ್ತಲಿಂದ ಹಿತ್ತಲಿಗೆ ಎಳೆದ ಹಗ್ಗಗಳ ತುಂಬ ಒಗೆದ ಬಟ್ಟೆ. ಒಂದೊಂದು ಹಿತ್ತಲಿಗೆ ಒಂದೊಂದು ಬಾಗಿಲು, ಒಂದಕ್ಕೊಂದು ಸಂಬಂಧವಿಲ್ಲದ ಬಣ್ಣ. ಎಲ್ಲದರ ಮೇಲೆ ಓರೆಯಾಗಿ ಬಿದ್ದ ಮಧ್ಯಾಹ್ನದ ನಂತರದ ಬಿಸಿಲು. ಮಾವ ಪೆಟ್ಟಿಗೆ ತೆರೆದು ಕುಂಚ ಕೈಗೆತ್ತಿಕೊಂಡರು. ಮೊದಲ ಸಲ ಇಟ್ಟಿಗೆ ತೋರಿಸಿದಾಗಿನ ಮುಖವೇ ಮತ್ತೆ ಕಂಡಿತು.

ಅಷ್ಟರಲ್ಲಿ ಒಂದು ಹಿತ್ತಲ ಬಾಗಿಲು ದಢಾರನೆ ತೆರೆಯಿತು. ಹೊರಬಂದದ್ದು ಒಬ್ಬ ಎತ್ತರದ ಮುದುಕಿ. ಊರಿಗೆಲ್ಲ ಆಕೆ ದೊಡ್ಡಕ್ಕ. ಮೊಮ್ಮಕ್ಕಳು ಸಹ ಅಜ್ಜಿ ಅನ್ನದೆ ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು.

"ಅಲ್ರೀ, ಬುದ್ಧಿ ನೆಟ್ಟಗಿದೆಯಾ ನಿಮಗೆ? ಮುಂದೆ ಅಷ್ಟು ಚೆನ್ನಾಗಿ ಗುಡಿಸಿ ಇಟ್ಟಿದ್ದೀವಿ, ಹಿತ್ತಲು ಬರೀತಾರಾ ಯಾರಾದ್ರೂ? ನನ್ನ ಒಳಲಂಗ ಒಣಗಿಸಿರೋದನ್ನ ಊರೂರು ತೋರಿಸ್ತೀರಾ?"

ಹಾಗೆನ್ನುತ್ತಲೇ ಹಗ್ಗದ ಮೇಲಿನ ಬಟ್ಟೆಗಳನ್ನು ಬರಬರನೆ ಎಳೆದು ಕಂಕುಳಲ್ಲಿ ಇರುಕಿಕೊಳ್ಳತೊಡಗಿದರು. ಮಾವ ಕುಂಚ ಕೆಳಗಿಟ್ಟು ಬೇಲಿಯ ಹತ್ತಿರ ಹೋದರು.

"ಅಕ್ಕ, ಆ ನೀಲಿ ಹೊದಿಕೆ ತೆಗೀಬೇಡಿ."

"ಯಾಕೆ? ನಿಮ್ಮದಾ ಅದು?"

"ಅದು ಯಾವಾಗಲೂ ಆ ತುದೀಲೇ ಇರುತ್ತೆ. ಮೊದಲು ಹಸಿರದ್ದು ಒಂದಿತ್ತು, ಅದೂ ಅಲ್ಲೇ. ಕೋಳಿಗೂಡು ಹೋದ ಸಲದ ಗಾಳಿಗಿಂತ ಮುಂಚೆ ಬಾವಿ ಪಕ್ಕ ಇತ್ತು."

ದೊಡ್ಡಕ್ಕ ಬಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು. ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ಆ ಕೊನೇ ಡಬ್ಬಿ ಗಾರ್ಡಾ? ಬಿಳೀ ಬಟ್ಟೆಯವರು?"

"ಹೂಂ ಅಕ್ಕ."

"ಅಯ್ಯೋ ನಿಮ್ಮ! ನಿಮ್ಮ ಗಾಡಿ ನಿಂತ್ರೆ ಇನ್ನೇನು ಬಿಸಿಲು ಇಳೀತು ಅಂತ ನಾನು ಬಟ್ಟೆ ತೆಗೀತಿದ್ದೆ. ಈಗ ಒಬ್ಬ ಬರ್ತಾನೆ, ಎಳೇ ಹುಡುಗ, ಡಬ್ಬಿಯಿಂದ ಹೊರಗೇ ಬರಲ್ಲ."

"ನಿಮ್ಮ ಹಿತ್ತಲು ಕಂಡ್ರೆ ನನಗೆ ಮನೆ ಹತ್ತಿರ ಬಂತು ಅಂತ ಸಮಾಧಾನ ಆಗ್ತಿತ್ತು ಅಕ್ಕ" ಅಂದರು ಮಾವ. "ಮುಂಬಾಗಿಲು ಬಂದುಹೋಗೋರಿಗೆ ಮಾಡಿದ್ದು. ಜನ ಬದುಕೋದು ಈ ಕಡೆ. ಇದನ್ನೇ ಬರೀತೀನಿ. ಇದ್ದದ್ದು ಇದ್ದ ಹಾಗೆ."

ದೊಡ್ಡಕ್ಕ ಬಟ್ಟೆಗಳನ್ನು ಮತ್ತೆ ಹಗ್ಗಕ್ಕೆ ಹರವಿದರು. ಒಳಲಂಗವನ್ನು ಮಾತ್ರ ಮಡಿಸಿ ಒಳಗೆ ಕೊಂಡೊಯ್ದರು. ಬಾಗಿಲಲ್ಲಿ ತಿರುಗಿ, "ಅದೊಂದು ಬಿಟ್ಟು ಉಳಿದದ್ದೆಲ್ಲ ಬರ್ಕೊಳ್ಳಿ" ಎಂದು ಅಪ್ಪಣೆ ಕೊಟ್ಟರು.

ಆ ದೊಡ್ಡ ಚಿತ್ರ ಸುಲಭಕ್ಕೆ ಬಗ್ಗಲಿಲ್ಲ. ಬಿಸಿಲು ಆ ಓರೆಯಲ್ಲಿ ಬೀಳುವುದು ದಿನಕ್ಕೆ ಸ್ವಲ್ಪವೇ ಹೊತ್ತು. ಆ ಹೊತ್ತಿನಲ್ಲಿ ಎಷ್ಟಾದರೆ ಅಷ್ಟು. ಬೆಳಕು ಬದಲಾದ ಮೇಲೆ ಕುಂಚ ತಾಗಿಸಬಾರದೆಂದು ಟೀಚರ ಕಟ್ಟಪ್ಪಣೆ. ಮೊದಲು ತೆಳು ಕಂದು ಬಣ್ಣದಲ್ಲಿ ಎಲ್ಲಿ ಬೆಳಕು, ಎಲ್ಲಿ ಕತ್ತಲು ಎಂಬುದನ್ನಷ್ಟೇ ಹಾಕಿಕೊಂಡರು. ಮೇಲೆ ಬಣ್ಣ ಬರತೊಡಗಿದಾಗ ಅತ್ತಿಮರ ಕೈಕೊಟ್ಟಿತು. ಟ್ಯೂಬಿನಿಂದ ಬಂದ ಹಸಿರು ಎಷ್ಟು ಹಚ್ಚಿದರೂ ಮರವಾಗದೆ ಬರೀ ಹಸಿರು ಬಣ್ಣವಾಗಿಯೇ ಉಳಿಯುತ್ತಿತ್ತು. ಚೂರಿ ತೆಗೆದುಕೊಂಡು ಇಡೀ ಮರವನ್ನು ಕೆರೆದು ಹಾಕಿದರು. ಮತ್ತೆ ಬರೆದರು, ಮತ್ತೆ ಕೆರೆದರು. ಮೂರನೆಯ ಸಲ ಮರ ಕೆರೆದದ್ದನ್ನು ಕಂಡ ಗಾರೆಯವನಿಗೆ ತಡೆಯಲಾಗದೆ, "ಸ್ವಾಮಿ, ನಮ್ಮ ಮರದ ಮೇಲೆ ನಿಮಗೇನು ಸಿಟ್ಟು?" ಎಂದು ಕೇಳಿಯೇಬಿಟ್ಟ.

ಸಂಗತಿ ಟೀಚರಿಗೆ ಹೇಳಿದಾಗ ಅವಳು ಹಸಿರಿಗೆ ಚಿಟಿಕೆಯಷ್ಟು ಕೆಂಪು ಸೇರಿಸಿ ಕಲಸಿ ತೋರಿಸಿದಳು. ಹಸಿರು ಮಂಕಾಗಿ, ಒಮ್ಮೆಲೇ ನಿಜವಾಯಿತು. "ದೂರದ್ದಕ್ಕೆ ನೀಲಿ ಹೆಚ್ಚು, ಬಿಳುಪು ಹೆಚ್ಚು. ಎಲೆ ಬರೀಬೇಡಿ ಸರ್, ಎಲೆಗಳ ಗುಂಪು ಬರೀರಿ. ಗುಂಪಿನ ಅಂಚಿನಲ್ಲಿ ನಾಲ್ಕೇ ಎಲೆ ಇಟ್ಟರೆ ನೋಡೋರ ಕಣ್ಣು ಉಳಿದದ್ದನ್ನ ತಾನೇ ಬರ್ಕೊಳ್ಳುತ್ತೆ." ಮಾವ ಆ ಮಾತನ್ನು ಮನೆಗೆ ಬಂದು ನಮಗೆಲ್ಲ ಒಪ್ಪಿಸಿದರು. ಪಕ್ಕದ ಮನೆಯವರಿಗೂ ಒಪ್ಪಿಸಿದರು.

ಇನ್ನೊಂದು ದಿನ ಗಾಳಿ ಬೀಸಿ ಸ್ಟ್ಯಾಂಡ್ ಮಗುಚಿತು. ಒದ್ದೆ ಚಿತ್ರ ಮಣ್ಣಿನಲ್ಲಿ ಬೋರಲು ಬಿತ್ತು. ದೊಡ್ಡಕ್ಕನ ಕೋಳಿಯೊಂದು ಬಣ್ಣದ ಹಲಗೆಯ ಮೇಲೆ ನಡೆದು, ನೀಲಿ ಕಾಲಿನಲ್ಲಿ ಹಿತ್ತಲೆಲ್ಲ ಸುತ್ತಿತು. ಆ ದಿನ ನಾನಿದ್ದೆ. ಮಾವ ಅಳುತ್ತಾರೇನೋ ಅಂದುಕೊಂಡೆ. ಅವರು ಮಂಡಿಯೂರಿ ಕೂತು, ಚಿತ್ರಕ್ಕೆ ಅಂಟಿದ ಮಣ್ಣಿನ ಹರಳುಗಳನ್ನು ಚೂರಿಯ ತುದಿಯಿಂದ ಒಂದೊಂದಾಗಿ ತೆಗೆಯತೊಡಗಿದರು. ಸ್ವಲ್ಪ ಹೊತ್ತಿಗೆ ದೊಡ್ಡಕ್ಕ ಬಂದು ಎದುರು ಕೂತರು, ಸೂಜಿ ಹಿಡಿದುಕೊಂಡು. ಆಮೇಲೆ ಗಾರೆಯವನೂ ಬಂದ. ಬೆಳಕು ಹೋಗುವ ತನಕ ನಾವು ನಾಲ್ವರೂ ಆ ಊರಿನ ಮೇಲಿಂದ ಮಣ್ಣು ಹೆಕ್ಕಿದೆವು. ಕೆಳಗಿನ ಮೂಲೆಯಲ್ಲಿ ಕೆಲವು ಹರಳು ಉಳಿದುಕೊಂಡವು. "ಇರಲಿ ಬಿಡಿ, ಅದೂ ಇಲ್ಲೀದೇ" ಅಂದರು ದೊಡ್ಡಕ್ಕ.

ಚಳಿ ಶುರುವಾಗುವ ಹೊತ್ತಿಗೆ ಚಿತ್ರ ಮುಗಿಯಿತು. ಮಾವ ಅದನ್ನು ಬೀರುವಿನ ಮೇಲೆ ಒಣಗಲಿಟ್ಟರು. ಅತ್ತೆ ಒಂದು ಮಧ್ಯಾಹ್ನ ಸ್ಟೂಲ್ ಹಾಕಿಕೊಂಡು ಹತ್ತಿ ಅದನ್ನೇ ನೋಡುತ್ತ ನಿಂತದ್ದನ್ನು ನಾನು ಕಂಡೆ. ನನ್ನನ್ನು ನೋಡಿ, "ಧೂಳು ಹೊಡೀತಿದ್ದೆ" ಅಂದರು. ಕೈಯಲ್ಲಿ ಬಟ್ಟೆ ಇರಲಿಲ್ಲ.

ಟೀಚರ್ ವರ್ಷಕ್ಕೊಮ್ಮೆ ತನ್ನ ಕಲಿಯುವವರ ಚಿತ್ರಗಳನ್ನು ಪುಸ್ತಕ ಭಂಡಾರದ ಹಾಲಿನಲ್ಲಿ ತೂಗುಹಾಕುತ್ತಿದ್ದಳು. ಆ ಸಲ ಮಾವನ ಚಿತ್ರಕ್ಕೆ ಒಳಹೋಗುತ್ತಲೇ ಎದುರಿಗೆ ಬರುವ ಗೋಡೆ ಸಿಕ್ಕಿತು, ಇಡೀ ಗೋಡೆಗೆ ಅದೊಂದೇ. ಮಾವ ನಿವೃತ್ತಿಯ ನಂತರ ಮುಟ್ಟದ ಕರೀ ಕೋಟು ತೆಗೆಸಿ ಹಾಕಿಕೊಂಡರು. ನಾನು ತೋಳು ಬಿಗಿ ಮಾಡಿಕೊಟ್ಟಿದ್ದೆ. ಜನ ಬಂದರು, ನೋಡಿದರು, ಚೆನ್ನಾಗಿದೆ ಅಂದರು. ಮಾವ ಒಂದು ಮೂಲೆಯಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದರು.

ಹೊರಗೆ ಒಂದು ವ್ಯಾನ್ ನಿಂತ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಗದ್ದಲ. ಬಾಗಿಲಲ್ಲಿ ಕಂಡವರು ದೊಡ್ಡಕ್ಕ. ಹಿಂದೆ ಗಾರೆಯವ, ಅವನ ಹೆಂಡತಿ, ಅರ್ಧ ಊರು. ಎಲ್ಲರೂ ಒಳ್ಳೇ ಬಟ್ಟೆ ಹಾಕಿಕೊಂಡು ಬಂದಿದ್ದರು. ಹಾಲಿನ ನಡುವೆ ಬಂದು ಚಿತ್ರದ ಮುಂದೆ ನಿಂತರು.

ದೊಡ್ಡಕ್ಕ ಚಿತ್ರಕ್ಕೆ ಇಷ್ಟು ಹತ್ತಿರ ಹೋಗಿ, ಬೆರಳನ್ನು ತಾಗದ ಹಾಗೆ ಹಿಡಿದು, ಹಗ್ಗದ ಉದ್ದಕ್ಕೂ ಸಾಗಿದರು. "ನನ್ನ ಹೊದಿಕೆ" ಅಂದರು. "ಇದು ಮಗನ ಅಂಗಿ. ಇದು ನನ್ನ ಸೌದೆ. ನೋಡ್ರೇ, ಸೌದೆ ನಾನು ಜೋಡಿಸೋ ಹಾಗೇ ಜೋಡಿಸಿದ್ದಾರೆ, ಸಣ್ಣದು ಮೇಲೆ, ದಪ್ಪಂದು ಕೆಳಗೆ." ಪಕ್ಕದಲ್ಲಿ ನಿಂತಿದ್ದ ಪರಿಚಯವಿಲ್ಲದ ಪೇಟೆ ಹೆಂಗಸಿನ ತೋಳು ಹಿಡಿದು ತಿರುಗಿಸಿ, "ಇದು ನಮ್ಮ ಹಿತ್ತಲಮ್ಮ. ಈ ಹಸಿರು ಬಾಗಿಲು ಇದೆಯಲ್ಲ, ನಮ್ಮದೇ" ಅಂದರು.

ಅಲ್ಲಿಂದ ಕಟ್ಟೆ ಒಡೆದ ಹಾಗಾಯಿತು. ಒಬ್ಬೊಬ್ಬರೂ ತಮ್ಮ ತಮ್ಮ ಹಿತ್ತಲು ಹುಡುಕಿ ತೋರಿಸತೊಡಗಿದರು. ಗಾರೆಯವ ತನ್ನ ಗೋಡೆಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಹಿಡಿದು ಅಳೆದು, "ನೆಟ್ಟಗಿದೆ!" ಎಂದು ಹಾಲಿಗೆಲ್ಲ ಕೇಳುವಂತೆ ಸಾರಿದ. ಮುರಿದ ಕುರ್ಚಿಯ ಮನೆಯವರು ಮಾತ್ರ, "ಅದನ್ನ ಅವತ್ತೇ ಎಸೀಬೇಕು ಅಂದೆ, ಕೇಳಿದ್ರಾ?" ಎಂದು ಗಂಡನಿಗೆ ತಿವಿದರು.

ಟೀಚರ್ ಮಾವನ ಪಕ್ಕಕ್ಕೆ ಬಂದು ನಿಂತಳು. "ಎಡಗಡೆ ಆಕಾಶ ಇನ್ನೂ ಸ್ವಲ್ಪ ಕೆಲಸ ಕೇಳ್ತಾ ಇತ್ತು ಸರ್" ಅಂದಳು.

"ಹೌದು ಟೀಚರ್."

"ಉಳಿದದ್ದರ ಬಗ್ಗೆ ನನ್ನ ಹತ್ತಿರ ಹೇಳೋದೇನೂ ಇಲ್ಲ."

ಆಗ ಅತ್ತೆ ಎಲ್ಲಿದ್ದರೋ, ಗುಂಪನ್ನು ಸೀಳಿಕೊಂಡು ಬಂದು, ಅಷ್ಟು ಜನರ ನಡುವೆ ಗಂಡನ ಕೋಟಿನ ಕಾಲರ್ ಸರಿಪಡಿಸಿ, ದೊಡ್ಡಕ್ಕನ ಕಡೆ ತಿರುಗಿ, "ನಮ್ಮ ಯಜಮಾನರು ಬರೆದದ್ದು" ಅಂದರು. ದೊಡ್ಡಕ್ಕನಿಗೆ ಅದು ಗೊತ್ತಿಲ್ಲವೇ? ಆದರೂ ಅತ್ತೆಗೆ ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು. ನನಗೂ ಹೇಳಬೇಕೆನಿಸಿತು. ಅಲ್ಲಿದ್ದ ಪ್ರತಿಯೊಬ್ಬರನ್ನೂ ನಿಲ್ಲಿಸಿ, ಇವರು ನಮ್ಮ ಮಾವ ಎಂದು ಹೇಳಿಬಿಡೋಣ ಅನ್ನಿಸಿತು. ಇಬ್ಬರು ಮೂವರಿಗೆ ಹೇಳಿಯೂಬಿಟ್ಟೆ.

ಪ್ರದರ್ಶನ ಮುಗಿದ ಮೇಲೆ ಚಿತ್ರ ಆ ಊರಿಗೇ ಹೋಯಿತು. ಕೊಡುತ್ತೇನೆಂದು ಮಾವ ತಾವಾಗಿಯೇ ಹೇಳಿದರು. ಊರವರು ಸಭೆ ಸೇರುವ ಕೋಣೆಯಲ್ಲಿ ಬಿಸಿಲು ನೇರ ಬೀಳದ ಗೋಡೆ ನೋಡಿ, ಮೊಳೆ ಹೊಡೆಯುವ ಜಾಗವನ್ನು ಗಾರೆಯವನೇ ಅಳೆದು ತೂಗುಹಾಕಿದ. ಮೊನ್ನೆ ನಾನು ಹೋದಾಗ ಅಂಚೆಯವನೊಬ್ಬ ಹೊಸಬ, ಯಾರದೋ ಮನೆ ಸಿಗದೆ ಅಲ್ಲಿ ಬಂದು ಕೇಳುತ್ತಿದ್ದ. ಅಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಅವನನ್ನು ಚಿತ್ರದ ಮುಂದೆ ಕರೆದೊಯ್ದು, "ನೋಡಪ್ಪ, ಇಲ್ಲಿ ಹಳದಿ ಬಾಗಿಲು ಕಾಣುತ್ತಲ್ಲ, ಅದರ ಎಡಗಡೇದು. ಹಿಂದಿನಿಂದಲೇ ಹೋಗು, ಮುಂದೆ ಕರೆದ್ರೆ ಅವರಿಗೆ ಕೇಳಿಸಲ್ಲ" ಎಂದು ದಾರಿ ಹೇಳಿದರು. ಅಂಚೆಯವನು ಚಿತ್ರವನ್ನೊಮ್ಮೆ ಚೆನ್ನಾಗಿ ನೋಡಿಕೊಂಡು, ತಲೆಯಾಡಿಸಿ, ಸೀದಾ ಆ ಮನೆಗೆ ನಡೆದ.